ಅಪ್‌ಲೋಡ್ ಆದದ್ದನ್ನು ಓದುವವರು ಯಾರು?

ಎಸ್ಸೆಸ್ಸೆಲ್ಸಿ ಪಾಸಾಗಲು 625ಕ್ಕೆ 206 ಅಂಕ ಸಾಕು ಎಂದು ಕರ್ನಾಟಕ ಸರ್ಕಾರ ತೀರ್ಮಾನಿಸಿದ ಮೇಲೆ ಆಂತರಿಕ ಅಂಕಗಳ ಮೇಲೆ ಎಲ್ಲರ ಕಣ್ಣು ಬಿದ್ದಿದೆ. ಬೀಳಲೇಬೇಕು. ಆರು ವಿಷಯಗಳ ಆಂತರಿಕ ಅಂಕಗಳೇ 125. ವಿಷಯವಾರು ಕನಿಷ್ಠದ ಷರತ್ತು ಬೇರೆ ಇದ್ದರೂ, ಪಾಸಿಗೆ ಬೇಕಾದ ಅಂಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಯ ಒಳಗೇ ಸಿಗಬಹುದು. ಇದಕ್ಕೆ ಸುಲಭದ ಮದ್ದು ಹೇಳುವವರಿದ್ದಾರೆ: ಮಕ್ಕಳ ಕೆಲಸವನ್ನೆಲ್ಲ ಗೂಗಲ್ ಕ್ಲಾಸ್‌ರೂಮ್‌ನಂಥ ವೇದಿಕೆಗೆ ಹಾಕಿಸಿ, ಮೌಲ್ಯಮಾಪನ ತಾನಾಗಿ ನೇರವಾಗುತ್ತದೆ. ಆಗುವುದಿಲ್ಲ. ಕಡತ ಅಚ್ಚುಕಟ್ಟಾಗುತ್ತದೆ, ಅಷ್ಟೆ.

ಈ ಮದ್ದನ್ನು ವಿರೋಧಿಸುವವರೂ ಹಿಡಿದಿರುವುದು ಬೇರೆಯದೇ ಅಂಕಿಯನ್ನು. ಕೇಂದ್ರದ ಶಾಲಾ ಅಂಕಿಅಂಶ ವರದಿ ಯುಡೈಸ್ 2024–25ರ ಪ್ರಕಾರ ದೇಶದ ಶೇ 63.5ರಷ್ಟು ಶಾಲೆಗಳಲ್ಲಿ ಮಾತ್ರ ಇಂಟರ್ನೆಟ್ ಇದೆ ಎಂಬಲ್ಲಿಗೆ ಅವರ ವಾದ ನಿಲ್ಲುತ್ತದೆ. ನಾಳೆ ಅದು ನೂರಾದರೂ ತೊಡಕು ಇದ್ದಲ್ಲೇ ಇರುತ್ತದೆ.

ಯಾರೂ ಲೆಕ್ಕ ಹಾಕದಿರುವುದು ಓದುವ ನಿಮಿಷಗಳನ್ನು. ಎಂಟು, ಒಂಬತ್ತು, ಹತ್ತನೇ ತರಗತಿಗೆ ಒಬ್ಬರೇ ಕನ್ನಡ ಶಿಕ್ಷಕಿ, ತರಗತಿಗೆ 50 ಮಕ್ಕಳು ಎಂದಿಟ್ಟುಕೊಳ್ಳಿ. ಒಂದು ಬರಹ ಓದಿ ಎರಡು ಸಾಲು ಬರೆಯಲು ಆರು ನಿಮಿಷ. 150 ಮಕ್ಕಳಿಗೆ 15 ಗಂಟೆ. ಪ್ರತಿ ರೂಪಣಾತ್ಮಕ ಮೌಲ್ಯಮಾಪನಕ್ಕೆ ಎರಡು ಚಟುವಟಿಕೆ, ಒಂದು ಕಿರುಪರೀಕ್ಷೆ. ವರ್ಷಕ್ಕೆ ಇಂಥವು ನಾಲ್ಕು. ಒಟ್ಟು 180 ಗಂಟೆ. ಇದು ಪಾಠ, ಸ್ಯಾಟ್ಸ್ ತಂತ್ರಾಂಶದಲ್ಲಿ ಮಕ್ಕಳ ದಾಖಲೆ, ಬಿಸಿಯೂಟದ ಲೆಕ್ಕ, ಸಮೀಕ್ಷೆಯ ಕೆಲಸಗಳ ಹೊರಗೆ. ಈ ಗಂಟೆಗಳು ಯಾವ ವೇಳಾಪಟ್ಟಿಯಲ್ಲೂ ಇಲ್ಲ. ಹಾಗಾಗಿಯೇ ಪುಸ್ತಕದಲ್ಲಿ ಒಂದು ಕೆಂಪು ಗೀಟು ಮತ್ತು ಸಹಿ ಬೀಳುತ್ತದೆ. ವೇದಿಕೆಗೆ ಬಂದರೆ ಕೆಲಸ ಹಗುರವೂ ಆಗುವುದಿಲ್ಲ: ಮೊಬೈಲಿನಲ್ಲಿ ಅಡ್ಡ ತೆಗೆದ, ಅರ್ಧ ಪುಟಕ್ಕೆ ಕೈಯ ನೆರಳು ಬಿದ್ದ ಫೋಟೊವನ್ನು ತಿರುಗಿಸಿ, ಹಿಗ್ಗಿಸಿ ಓದಬೇಕು. ಶಿಕ್ಷಕರನ್ನು ದೂರುವುದು ಅನ್ಯಾಯ.

ಇನ್ನೊಂದು ಹಳೆಯ ಪಾಠವನ್ನೂ ನಾವು ಮರೆತಿದ್ದೇವೆ. 1988ರಲ್ಲಿ ಸಂಶೋಧಕಿ ರೂತ್ ಬಟ್ಲರ್ ಇಸ್ರೇಲಿನ 132 ಶಾಲಾಮಕ್ಕಳ ಅಧ್ಯಯನವನ್ನು ಪ್ರಕಟಿಸಿದರು. ಕೆಲವರಿಗೆ ಅಂಕ, ಕೆಲವರಿಗೆ ಟಿಪ್ಪಣಿ, ಉಳಿದವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಟಿಪ್ಪಣಿ ಪಡೆದವರು. ಎರಡನ್ನೂ ಪಡೆದವರಿಗೆ ಟಿಪ್ಪಣಿಯಿಂದ ಉಪಯೋಗವಾಗಲಿಲ್ಲ. ಅಂಕ ಕಂಡ ಮಗು ಪಕ್ಕದವನ ಅಂಕ ನೋಡುತ್ತದೆ, ಟಿಪ್ಪಣಿಯನ್ನಲ್ಲ. ತರಗತಿಯಲ್ಲಿ ಒಂದು ದಿನ ನಿಂತವರಿಗೆ ಇದು ಗೊತ್ತು.

ವೇದಿಕೆಯ ನಿಜವಾದ ಬಲ ಇರುವುದು ಅಂಕವಿಲ್ಲದೆ ಟಿಪ್ಪಣಿ ಕೊಡುವುದರಲ್ಲೇ, ಆದರೆ ಅದನ್ನು ಬಳಸುವ ಮಾತನ್ನೇ ಯಾರೂ ಆಡುತ್ತಿಲ್ಲ. ಕ್ಲಾಸ್‌ರೂಮ್‌ನಲ್ಲಿ ಅಂಕ ಹಾಕದೆಯೇ ಬರಹವನ್ನು ರಿಟರ್ನ್ ಮಾಡಬಹುದು. ‘ಕೆರೆ ಬತ್ತಿತು ಅಂದಿದ್ದೀಯ, ಯಾಕೆ ಅಂತ ಹೇಳಿಲ್ಲ. ಎರಡನೇ ಪ್ಯಾರಾ ಇನ್ನೊಮ್ಮೆ ಬರಿ’ ಎಂದು ಬರೆದ ಹುಡುಗಿಗೆ ಮಾತ್ರ ಕಾಣುವಂತೆ ಬರೆಯಬಹುದು. ಅವಳು ತಿದ್ದಿ ಮತ್ತೆ ಒಪ್ಪಿಸುತ್ತಾಳೆ. ಗೂಗಲ್ ಡಾಕ್ಸ್‌ನಲ್ಲಿ ಟೈಪ್ ಮಾಡಿದ್ದರೆ ಮೊದಲು ಏನು ಬರೆದಿದ್ದಳು, ಆಮೇಲೆ ಏನು ಬದಲಿಸಿದಳು ಎಂಬುದೂ ಉಳಿದಿರುತ್ತದೆ. ಆಂತರಿಕ ಅಂಕಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಅಂಕ ಕೊನೆಗೆ ಬರಲಿ.

ಎರಡು ಸಲ ಓದಲು ಸಮಯವೆಲ್ಲಿದೆ ಎನ್ನುತ್ತಾರೆ. ಪ್ರತಿ ಮೌಲ್ಯಮಾಪನಕ್ಕೆ ಎರಡರ ಬದಲು ಒಂದೇ ಚಟುವಟಿಕೆ ಇಡಿ, ಅದನ್ನೇ ಎರಡು ಸಲ ಓದಲಿ. ಕಿರುಪರೀಕ್ಷೆ ಇದ್ದಂತೆ ಇರಲಿ. ಒಟ್ಟು ಆಗಲೂ ಅದೇ 180 ಗಂಟೆ. ಆ ಗಂಟೆಗಳನ್ನು ವೇಳಾಪಟ್ಟಿಗೆ ಸೇರಿಸಿದ ಮೇಲೆ ಇಲಾಖೆ ಅಪ್‌ಲೋಡ್ ಆದೇಶ ಹೊರಡಿಸಲಿ.