ಏಂಜಲ್ ಫಿಶ್ ಜೊತೆ ನಿಯಾನ್ ಟೆಟ್ರಾ ಬಿಡಬಹುದೇ? ಮೀನು ಕಾಣೆಯಾಗುವುದು ‘ಕಂಟಕ’ದಿಂದಲೇ?

“ಏಂಜಲ್ ಫಿಶ್ ಸಾಧು ಮೀನು. ನಿಯಾನ್ ಟೆಟ್ರಾ ಜೊತೆ ಧಾರಾಳವಾಗಿ ಬಿಡಿ, ಎರಡೂ ಅಮೆಜಾನ್‌ನವೇ.” ಮನೆಯಲ್ಲಿ ಅಕ್ವೇರಿಯಂ ಇಟ್ಟವರ ನಡುವೆ ಈ ಮಾತು ಆಗಾಗ ಓಡಾಡುತ್ತದೆ. ಇದರ ಬೆನ್ನಿಗೇ ಇನ್ನೊಂದು ಫಾರ್ವರ್ಡ್: “ಟ್ಯಾಂಕ್‌ನಲ್ಲಿ ಮೀನು ಸತ್ತರೆ ಹೆದರಬೇಡಿ, ಮನೆಗೆ ಬರಬೇಕಿದ್ದ ಕಂಟಕವನ್ನು ಅದು ಹೊತ್ತುಕೊಂಡು ಹೋಯಿತು ಎಂದರ್ಥ.” ಈ ಎರಡನ್ನೂ ನಂಬಿದ ಮನೆಯಲ್ಲಿ ಹತ್ತು ಟೆಟ್ರಾ ಇದ್ದದ್ದು ಆರಾದರೂ, ಆರು ಇದ್ದದ್ದು ಎರಡಾದರೂ ಯಾರೂ ಕಾರಣ ಹುಡುಕುವುದಿಲ್ಲ. ಮತ್ತೆ ಅಂಗಡಿಗೆ ಹೋಗಿ ಹತ್ತು ತರುತ್ತಾರೆ.

ನಿಜ ಏನು? ಏಂಜಲ್ ಫಿಶ್ ಸಿಕ್ಲಿಡ್ ಕುಟುಂಬದ ಮೀನು. ನಮ್ಮ ಕೆರೆಗಳಲ್ಲಿ ಸಿಗುವ, ಜಿಲೇಬಿ ಎಂದು ಕರೆಯುವ ತಿಲಾಪಿಯಾ ಕೂಡ ಇದೇ ಕುಟುಂಬದ್ದು. ಏಂಜಲ್‌ನ ಚಪ್ಪಟೆ ಮೈ, ಉದ್ದುದ್ದ ರೆಕ್ಕೆ, ಕಪ್ಪು ಪಟ್ಟೆ ನಮಗೆ ಅಂದವಾಗಿ ಕಾಣುತ್ತವೆ. ಆದರೆ ಅದರ ಊರಿನಲ್ಲಿ, ಅಂದರೆ ಅಮೆಜಾನ್‌ನ ನಿಧಾನವಾಗಿ ಹರಿಯುವ ನೀರಿನಲ್ಲಿ, ಬೇರು ಮತ್ತು ಗಿಡಗಳ ನಡುವೆ ಕಣ್ಣಿಗೆ ಬೀಳದೆ ನಿಲ್ಲಲು ಅವೇ ನೆರವಾಗುತ್ತವೆ. ಹುಳು, ಸಿಗಡಿ, ಸಣ್ಣ ಮೀನು, ಮರಿ ಮೀನು ಎಲ್ಲವೂ ಅದಕ್ಕೆ ಆಹಾರವೇ. ಎರಡೂ ಅಮೆಜಾನ್‌ನವು ಎಂಬುದು ಸರಿ. ಹುಲಿ, ಜಿಂಕೆ ಎರಡೂ ಬಂಡೀಪುರದವೇ ಅಲ್ಲವೇ!

ಇಲ್ಲಿ ಎಲ್ಲರೂ ಎಡವುವುದು ಅಳತೆಯಲ್ಲಿ. ಅಂಗಡಿಯಲ್ಲಿ ಸಿಗುವ ಏಂಜಲ್ ಮರಿ ಹೆಚ್ಚೆಂದರೆ ಹತ್ತು ರೂಪಾಯಿ ನಾಣ್ಯದಷ್ಟಿರುತ್ತದೆ. ಪಕ್ಕದಲ್ಲಿ 2-3 ಸೆಂಟಿಮೀಟರ್‌ನ ನಿಯಾನ್ ಟೆಟ್ರಾ ಈಜುತ್ತಿದ್ದರೆ ಎರಡೂ ಒಂದೇ ಗಾತ್ರದವು ಅನಿಸುತ್ತದೆ. ನಿಯಾನ್ ಅಲ್ಲಿಗೇ ನಿಲ್ಲುತ್ತದೆ, 3 ಸೆಂಟಿಮೀಟರ್ ದಾಟಿದರೆ ಹೆಚ್ಚು. ಏಂಜಲ್ ಮಾತ್ರ ಒಂದು ವರ್ಷದೊಳಗೆ ಅಂಗೈಯಷ್ಟಾಗುತ್ತದೆ. ಚೆನ್ನಾಗಿ ಬೆಳೆದದ್ದು 15 ಸೆಂಟಿಮೀಟರ್ ಉದ್ದ, ರೆಕ್ಕೆ ಸೇರಿಸಿದರೆ 20 ಸೆಂಟಿಮೀಟರ್‌ಗಿಂತ ಎತ್ತರ. ಮೀನಿನ ಲೋಕದಲ್ಲಿ ಸಾಧು, ದುಷ್ಟ ಎಂಬ ಲೆಕ್ಕ ಇಲ್ಲ. ಬಾಯಿಗೆ ಹಿಡಿಸಿದರೆ ತಿಂಡಿ, ಹಿಡಿಸದಿದ್ದರೆ ನೆರೆಹೊರೆ. ಆರು ತಿಂಗಳು ಒಟ್ಟಿಗೆ ಇದ್ದವು, ಏನೂ ಆಗಲಿಲ್ಲ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆ ಆರು ತಿಂಗಳು ಏಂಜಲ್‌ನ ಬಾಯಿ ಇನ್ನೂ ಚಿಕ್ಕದಿತ್ತು, ಅಷ್ಟೇ.

ತಿನ್ನುವುದು ನಮ್ಮ ಕಣ್ಣಿಗೆ ಬೀಳುವುದೂ ಕಡಿಮೆ. ಲೈಟ್ ಆರಿಸಿದ ಮೇಲೆ ನಿಯಾನ್‌ನ ನೀಲಿ ಹೊಳಪು ಮಂಕಾಗುತ್ತದೆ, ಅದು ಒಂದೆಡೆ ನಿಂತು ವಿಶ್ರಮಿಸುತ್ತದೆ. ಮಬ್ಬುಗತ್ತಲಲ್ಲಿ ಏಂಜಲ್‌ಗೆ ಅದು ಸುಲಭದ ತುತ್ತು. ಬೆಳಗ್ಗೆ ಎಣಿಸಿದರೆ ಒಂದು ಕಡಿಮೆ. ದೇಹವೂ ಇಲ್ಲ, ಗುರುತೂ ಇಲ್ಲ. ‘ಕಂಟಕ ತೆಗೆದುಕೊಂಡು ಹೋಯಿತು’ ಎಂಬ ಕಥೆ ಹುಟ್ಟಲು ಇಷ್ಟು ಸಾಕು.

ಹಾಗೆಂದು ಕಾಣೆಯಾದ ಪ್ರತಿ ಟೆಟ್ರಾದ ತಪ್ಪನ್ನೂ ಏಂಜಲ್ ಮೇಲೆ ಹೊರಿಸಲಾಗದು. ಹೊಸ ಟ್ಯಾಂಕ್‌ನಲ್ಲಿ ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಕಡಿಮೆ ಹಾನಿಯ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಬೆಳೆಯಲು ಕೆಲವು ವಾರ ಬೇಕು. ಅಷ್ಟರೊಳಗೆ ಬಿಟ್ಟ ನಿಯಾನ್‌ಗಳು ಸಾಯುವುದು ಸಾಮಾನ್ಯ. ನಲ್ಲಿ ನೀರಿನ ಕ್ಲೋರಿನ್ ಕೂಡ ಕೊಲ್ಲುತ್ತದೆ. ಹೀಗೆ ಸತ್ತವು ಹೆಚ್ಚಾಗಿ ತೇಲುತ್ತಲೋ ತಳದಲ್ಲೋ ಸಿಗುತ್ತವೆ. ಸಿಕ್ಕ ಕೂಡಲೇ ತೆಗೆಯಿರಿ, ಏಕೆಂದರೆ ಸತ್ತ ಮೀನನ್ನು ಉಳಿದವು ಕಚ್ಚಿ ತಿಂದರೆ ನಿಯಾನ್ ಟೆಟ್ರಾ ರೋಗ ಹರಡಬಹುದು. ನೀರು ಹಳೆಯದು, ಉಳಿದ ಮೀನು ಚುರುಕಾಗಿವೆ, ದೇಹ ಮಾತ್ರ ಸಿಗುತ್ತಿಲ್ಲ ಎಂದಾದರೆ ಅನುಮಾನ ಏಂಜಲ್ ಮೇಲೆಯೇ. ಮುಚ್ಚಳವಿಲ್ಲದ ಟ್ಯಾಂಕ್ ಆದರೆ ಹಿಂಬದಿಯ ನೆಲವನ್ನೂ ಒಮ್ಮೆ ನೋಡಿ, ಹಾರಿ ಬಿದ್ದಿರಲೂಬಹುದು.

‘ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ’ ಎಂಬುದೂ ಸುಳ್ಳು. ಇಕ್ಕಟ್ಟಿನಲ್ಲಿ, ಕೆಟ್ಟ ನೀರಿನಲ್ಲಿ ಮೀನು ಕುಂಠಿತವಾಗಿ, ಆಯಸ್ಸು ಕಳೆದುಕೊಳ್ಳುತ್ತದೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಸಾಮಾನ್ಯ ಟ್ಯಾಂಕ್‌ಗೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ತಳದ ಜಲ್ಲಿ ಕಳೆದರೆ ದೊಡ್ಡ ಏಂಜಲ್‌ಗೆ ನೆಟ್ಟಗೆ ತಿರುಗಲೂ ಕಷ್ಟ. ಕನಿಷ್ಠ ಒಂದೂವರೆ ಅಡಿ ಎತ್ತರ ಬೇಕು. ಜೋಡಿಯಾಗಿ ಮೊಟ್ಟೆ ಇಟ್ಟರಂತೂ ಅರ್ಧ ಟ್ಯಾಂಕ್ ತಮ್ಮದೆಂದು ಉಳಿದೆಲ್ಲ ಮೀನುಗಳನ್ನು ಅಟ್ಟಾಡಿಸುತ್ತವೆ.

ಏಂಜಲ್ ಜೊತೆ ಟೆಟ್ರಾ ಬೇಕೇಬೇಕು ಎನ್ನುವವರು ಬಾಯಿಗೆ ಹಿಡಿಸದ ಜಾತಿ ನೋಡಬೇಕು. 6 ಸೆಂಟಿಮೀಟರ್‌ವರೆಗೆ ಬೆಳೆಯುವ ಡೈಮಂಡ್ ಟೆಟ್ರಾ, ಅದಕ್ಕಿಂತ ದೊಡ್ಡದಾಗುವ ಆಫ್ರಿಕಾದ ಕಾಂಗೋ ಟೆಟ್ರಾ ವಾಸಿ. ಹೊಟ್ಟೆಯ ಉದ್ದಕ್ಕೂ ಕೆಂಪಿರುವ ಕಾರ್ಡಿನಲ್ ಟೆಟ್ರಾ ನಿಯಾನ್‌ಗಿಂತ ತುಸು ದೊಡ್ಡದು, ಏಂಜಲ್ ಕೇಳುವ 26-28 ಡಿಗ್ರಿ ಬಿಸಿಯನ್ನೂ ತಡೆಯುತ್ತದೆ. ಆದರೆ ದೊಡ್ಡ ಏಂಜಲ್ ಅದನ್ನೂ ನುಂಗಬಲ್ಲದು. ಸರ್ಪೆ ಟೆಟ್ರಾ, ಟೈಗರ್ ಬಾರ್ಬ್ ಬೇಡ. ಇವು ಏಂಜಲ್‌ನ ರೆಕ್ಕೆಯನ್ನೇ ಕಚ್ಚಿ ಹರಿಯುತ್ತವೆ, ಅಲ್ಲಿ ಪೆಟ್ಟು ತಿನ್ನುವುದು ಏಂಜಲ್.

ಈಗಾಗಲೇ ಎರಡನ್ನೂ ಒಟ್ಟಿಗೆ ಬಿಟ್ಟಿದ್ದೀರಾ? ಏಂಜಲ್ ಎರಡು ಇಂಚು ದಾಟುವ ಮೊದಲೇ ಟೆಟ್ರಾಗಳಿಗೆ ಬೇರೆ ಟ್ಯಾಂಕ್ ಮಾಡಿ, ಇಲ್ಲವೇ ತಂದ ಅಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳುತ್ತಾರೆಯೇ ಕೇಳಿ. ಬೇಡವಾದ ಮೀನನ್ನು ಪಾಪ ಎಂದು ಕೆರೆಗೆ ಮಾತ್ರ ಬಿಡಬೇಡಿ. ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್ ಮೀನು ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಈಗಾಗಲೇ ಬೀಡುಬಿಟ್ಟಿದೆ, ಅದನ್ನು ಹೊರಹಾಕಲು ಮೀನುಗಾರರಿಗೆ ಸಾಧ್ಯವಾಗುತ್ತಿಲ್ಲ.