ತಾತನ ಲೆಕ್ಕ: ಆಟದ ನಡುವೆ ಆರಿಹೋಗುತ್ತಿದ್ದ ಕಂಪ್ಯೂಟರ್

ಮಕ್ಕಳೇ, ಈ ವಾರ ನಮ್ಮ ಮನೆಯಲ್ಲೇ ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ಇದರಲ್ಲಿ ಕಂಪ್ಯೂಟರ್ ಇದೆ, ಲೆಕ್ಕ ಇದೆ, ನಾನು ಮಾಡಿದ ಒಂದು ತಪ್ಪೂ ಇದೆ. ತಪ್ಪನ್ನು ಕೊನೆಗೆ ಹೇಳೋಣ ಅಂದುಕೊಂಡಿದ್ದೆ. ಬೇಡ, ಮೊದಲೇ ಹೇಳಿಬಿಡುತ್ತೇನೆ. ತಪ್ಪು ಮಾಡದ ಹುಡುಗನನ್ನು ಬೈದುಬಿಟ್ಟೆ.

ನಮ್ಮ ಮನೆ ಇರುವುದು ಹೆಬ್ಬಾಳದ ಹತ್ತಿರ ಕೆಂಪಾಪುರದಲ್ಲಿ. ಮೊಮ್ಮಗ ಎಂಟನೇ ಕ್ಲಾಸು ಮುಗಿಸಿ ಒಂಬತ್ತಕ್ಕೆ ಹೋಗುವವನು. ಅವನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆ. ಶಾಲೆಯ ಪ್ರಾಜೆಕ್ಟೂ ಅದರಲ್ಲೇ, ಆಟವೂ ಅದರಲ್ಲೇ. ಎರಡು ವರ್ಷ ಹುಟ್ಟುಹಬ್ಬಕ್ಕೆ, ಹಬ್ಬಹರಿದಿನಕ್ಕೆ ಬಂದ ದುಡ್ಡನ್ನೆಲ್ಲ ಕೂಡಿಟ್ಟಿದ್ದ. ಸಂಕ್ರಾಂತಿ ಹೊತ್ತಿಗೆ ಅದಕ್ಕೆ ಅವರಪ್ಪ ಒಂದಿಷ್ಟು ಸೇರಿಸಿ, ಎಸ್.ಪಿ. ರೋಡಿಗೆ ಕರೆದುಕೊಂಡು ಹೋಗಿ ಗ್ರಾಫಿಕ್ಸ್ ಕಾರ್ಡ್ ಕೊಡಿಸಿದ. ಆಟದ ಚಿತ್ರಗಳನ್ನು ಚುರುಕಾಗಿ ಬಿಡಿಸುವ ಯಂತ್ರಭಾಗ ಅದು. ಅಂಗಡಿಯವರು, "ಈ ಕಾರ್ಡಿಗೆ ಹಳೇ ಎಸ್‌ಎಂಪಿಎಸ್ ಸಾಲದು" ಎಂದಿದ್ದಕ್ಕೆ 650 ವಾಟಿನ ಹೊಸ ಎಸ್‌ಎಂಪಿಎಸ್ ಕೂಡ ಹಾಕಿಸಿದ್ದಾಯಿತು. ಗೋಡೆಯಿಂದ ಬರುವ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹದಕ್ಕೆ ತಂದು ಹಂಚುವ ಡಬ್ಬಿಯೇ ಎಸ್‌ಎಂಪಿಎಸ್.

ಅಷ್ಟರಲ್ಲಿ ಪರೀಕ್ಷೆ ಬಂತು. ನಮ್ಮ ಸೊಸೆ ಆಟಕ್ಕೆ ಬೀಗ ಹಾಕಿದಳು. ಹುಡುಗ ನೆಮ್ಮದಿಯಾಗಿ ಆಡಲು ಕೂತದ್ದು ಏಪ್ರಿಲ್ ರಜೆಯಲ್ಲೇ. ಕೂತ ಮೊದಲ ಸಂಜೆಯೇ, ಆಟ ಶುರುವಾಗಿ ಹತ್ತು ನಿಮಿಷಕ್ಕೆ ಕಂಪ್ಯೂಟರ್ ಟಪ್ಪನೆ ಆರಿಹೋಯಿತು. ಮರುದಿನ ನಲವತ್ತು ನಿಮಿಷ ನಡೆದು ಆರಿತು. ಆಮೇಲೆ ಇಪ್ಪತ್ತು ನಿಮಿಷಕ್ಕೆ. ಪ್ರಾಜೆಕ್ಟ್ ಬರೆಯುವಾಗ, ಸಿನಿಮಾ ನೋಡುವಾಗ ಏನೂ ಆಗುತ್ತಿರಲಿಲ್ಲ. ಆಡುವಾಗ ಮಾತ್ರ ಹೀಗೆ.

ಮನೆಯಲ್ಲಿ ತೀರ್ಪು ಬೇಗ ಆಯಿತು. ಸೊಸೆ, "ಸುಡುಬಿಸಿಲಲ್ಲಿ ಗಂಟೆಗಟ್ಟಲೆ ಆಡಿದರೆ ಇನ್ನೇನಾಗುತ್ತೆ?" ಎಂದಳು. ಮಗ, "ಇನ್ನೊಂದು ವಾರ ನೋಡ್ತೀನಿ. ಹೀಗೇ ಆದರೆ ಆ ಕಾರ್ಡನ್ನ ಬಂದಷ್ಟಕ್ಕೆ ಮಾರಿಬಿಡೋಣ" ಎಂದ. ನಾನೂ ಸುಮ್ಮನಿರಲಿಲ್ಲ. "ಸಿಕ್ಕಸಿಕ್ಕ ಆಟ ಇಳಿಸಿಕೊಂಡು ಕೆಡಿಸಿದ್ದೀಯ ಕಣೋ" ಎಂದುಬಿಟ್ಟೆ. ಹುಡುಗ ಏನೂ ಹೇಳಲಿಲ್ಲ. ಕಾರ್ಡು ತಂದಿದ್ದ ಖಾಲಿ ಡಬ್ಬಿಯನ್ನು ಮಂಚದ ಕೆಳಗಿಂದ ತೆಗೆದು, ದೂಳು ಒರೆಸಿ ಮೇಜಿನ ಮೇಲೆ ಇಟ್ಟ. ಮಾರುವುದಾದರೆ ಬೇಕಾಗುತ್ತದಲ್ಲ ಅಂತ.

ಆ ಡಬ್ಬಿ ನೋಡಿದ ಮೇಲೆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನದೇ ಒಂದು ಹಳೆಯ ಸಂಜೆ ನೆನಪಾಯಿತು.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಹೊಸತು. ಆಗೆಲ್ಲ ಲೆಡ್ಜರನ್ನು ಕೈಯಲ್ಲೇ ಬರೆಯಬೇಕು, ಕೈಯಲ್ಲೇ ಕೂಡಬೇಕು, ತಾಳೆಯಾಗದೆ ಮನೆಗೆ ಹೋಗುವಂತಿಲ್ಲ. ಒಂದು ದಿನ 450 ರೂಪಾಯಿ ವ್ಯತ್ಯಾಸ ಬಂತು. ಮೇಲಿನ ಅಧಿಕಾರಿಯೊಬ್ಬರು ಎಲ್ಲರೆದುರು, "ಹೊಸಬನ ಮೇಜಲ್ಲೇ ಇರುತ್ತೆ, ಅವನನ್ನೇ ಕೇಳಿ" ಎಂದರು. ಒಬ್ಬೊಬ್ಬರೂ ತಿರುಗಿ ನನ್ನ ಮುಖ ನೋಡಿದರು. ನಮ್ಮ ಹಿರಿಯ ಗುಮಾಸ್ತರೊಬ್ಬರು ಮಾತ್ರ ಒಂದು ಚೀಟಿಯಲ್ಲಿ 450ನ್ನು 9ರಿಂದ ಭಾಗಿಸಿದರು. 50 ಬಂತು, ಶೇಷ ಇಲ್ಲ. "ಅಂಕಿ ಅದಲುಬದಲಾಗಿದೆ, ಹುಡುಕಿ" ಎಂದರು. ರಾತ್ರಿ ಒಂಬತ್ತರ ಹೊತ್ತಿಗೆ ಸಿಕ್ಕಿತು: 1,720 ಎಂದು ಬರೆಯಬೇಕಾದ ಕಡೆ 1,270 ಎಂದಿತ್ತು. ಅದು ನಾನು ಬರೆದ ಪುಟವೇ ಅಲ್ಲ! ಲೆಕ್ಕ ಸರಿಹೋಯಿತು, ಎಲ್ಲರೂ ಟಿಫನ್ ಡಬ್ಬಿ ಎತ್ತಿಕೊಂಡು ಹೊರಟರು. ಆ ಅಧಿಕಾರಿ ನನಗೆ ಒಂದು ಮಾತೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಐವತ್ತು ವರ್ಷದ ಮೇಲೂ ಅದು ನನಗೆ ನೆನಪಿದೆ.

ಬೆಳಿಗ್ಗೆ ಎದ್ದವನೇ ಮೊಮ್ಮಗನನ್ನು ಕರೆದೆ. "ಒಂದು ನೋಟ್‌ಬುಕ್ ತಗೊಂಡು ಬಾ ಮರಿ. ಲೆಕ್ಕ ತಾಳೆ ನೋಡೋಣ" ಎಂದೆ.

ಮೊದಲ ಪುಟದಲ್ಲಿ ಒಂದೇ ಪ್ರಶ್ನೆ: ಆರಿದಾಗ ಏನೇನು ಆಯಿತು? ಏನಾಯಿತು ಅನ್ನುವುದನ್ನಷ್ಟೇ ಬರೆಯಬೇಕು. ಯಾಕಾಯಿತು ಅನ್ನುವುದನ್ನು ಬರೆಯಕೂಡದು. ಅವನು ವಿಂಡೋಸ್ ಇಟ್ಟುಕೊಳ್ಳುವ ದಿನಚರಿಯನ್ನೂ ತೆರೆದು ತೋರಿಸಿದ. ಆರಿದ ಪ್ರತಿ ಸಲಕ್ಕೂ ಅಲ್ಲಿ 'ಕರ್ನಲ್-ಪವರ್ 41' ಎಂಬ ದಾಖಲೆ ಇತ್ತು. "ಇದೇ ಕಾರಣ ತಾತ" ಎಂದ. ಇಬ್ಬರೂ ಕೂತು ಓದಿದೆವು. ಅದು ಹೇಳುವುದು ಇಷ್ಟೇ: 'ಕಂಪ್ಯೂಟರನ್ನು ಕ್ರಮವಾಗಿ ಮುಚ್ಚದೆಯೇ ಅದು ನಿಂತುಹೋಗಿ ಮತ್ತೆ ಶುರುವಾಗಿದೆ.' ಮನುಷ್ಯ ಬಿದ್ದ ಅಂತ ಹೇಳುತ್ತದೆ, ಜಾರಿ ಬಿದ್ದನೋ ಯಾರಾದರೂ ತಳ್ಳಿದರೋ ಹೇಳುವುದಿಲ್ಲ.

ಮೊದಲ ಅನುಮಾನ ಬಿಸಿಯ ಮೇಲೆ. ಏಪ್ರಿಲ್ ತಿಂಗಳು, ಎಲ್ಲರ ಬೆರಳೂ ಅತ್ತಲೇ. ಬಿಸಿಯನ್ನು ಅಳೆದು ತೋರಿಸುವ ಉಚಿತ ತಂತ್ರಾಂಶಗಳಿವೆ, ಒಂದನ್ನು ಹಾಕಿಕೊಂಡೆವು. ಅವನು ಆಡಿದ, ನಾನು ಐದೈದು ನಿಮಿಷಕ್ಕೆ ಬರೆದುಕೊಂಡೆ. ಪ್ರೊಸೆಸರ್ 74 ಡಿಗ್ರಿ, ಕಾರ್ಡು 71. ಮುಂದಿನ ಐದು ನಿಮಿಷಕ್ಕೆ 76, 72. ಅಷ್ಟರಲ್ಲಿ ಆರಿತು. ಈಗಿನ ಪ್ರೊಸೆಸರುಗಳು ಸಾಮಾನ್ಯವಾಗಿ 95ರಿಂದ 100 ಡಿಗ್ರಿ ಹತ್ತಿರ ಬಂದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ, ಆಗ ಆಟ ತಡವರಿಸುತ್ತದೆ. ಅದಕ್ಕೂ ಬಿಸಿ ತಗ್ಗದಿದ್ದರೆ ತಮ್ಮನ್ನು ಉಳಿಸಿಕೊಳ್ಳಲು ಆರುತ್ತವೆ. ನಮ್ಮದು ತಡವರಿಸಿರಲೂ ಇಲ್ಲ, 80 ದಾಟಿರಲೂ ಇಲ್ಲ. ಬಿಸಿಯ ಹೆಸರಿನ ಮೇಲೆ ಗೀಟು ಎಳೆದೆವು.

ಇಷ್ಟಕ್ಕೆ ನಿಂತಿದ್ದರೆ ಎಸ್‌ಎಂಪಿಎಸ್ಸನ್ನೇ ಬೈದು ಬದಲಾಯಿಸುತ್ತಿದ್ದೆವೋ ಏನೋ. ಆಗ ಅಡುಗೆಮನೆಯಿಂದ ನಮ್ಮನೆಯವಳು, "ರೀ, ಅದು ಆರೋಕ್ಕೆ ಮುಂಚೆ ಏನೋ ಕೀಂ ಕೀಂ ಅನ್ನುತ್ತೆ ಕಣ್ರೀ. ನಾನು ಲಿಫ್ಟಿನ ಸದ್ದು ಅಂದುಕೊಂಡಿದ್ದೆ" ಎಂದಳು. ಹುಡುಗನ ಕಿವಿಯಲ್ಲಿ ಹೆಡ್‌ಫೋನ್. ನನ್ನ ಕಿವಿಗೆ ವಯಸ್ಸಾಗಿದೆ. ಒಂದು ವಾರದಿಂದ ಕೇಳುತ್ತಿದ್ದವಳು ಅವಳೊಬ್ಬಳೇ. ಅವಳನ್ನು ನಾವ್ಯಾರೂ ಕೇಳಿರಲಿಲ್ಲ.

"ಆರಿದಾಗ ಮಾನಿಟರ್ ಏನಾಗುತ್ತೆ ಮರಿ?" ಎಂದೆ. ಅವನು ಯೋಚಿಸಿ, "ಅದೂ ಪೂರ್ತಿ ಆರುತ್ತೆ ತಾತ. ಮೂಲೆಯಲ್ಲಿರೋ ಚಿಕ್ಕ ದೀಪಾನೂ ಹೋಗುತ್ತೆ" ಎಂದ.

ಇದೇ ಸುಳಿವು. ಮಾನಿಟರಿಗೆ ಕರೆಂಟು ಎಸ್‌ಎಂಪಿಎಸ್‌ನಿಂದ ಬರುವುದಿಲ್ಲ, ಅದರ ಪ್ಲಗ್ಗೇ ಬೇರೆ. ಎಸ್‌ಎಂಪಿಎಸ್ ಕೈಕೊಟ್ಟಿದ್ದರೆ ಕ್ಯಾಬಿನೆಟ್ ಮಾತ್ರ ಆರಬೇಕು. ಮಾನಿಟರು 'ಸಿಗ್ನಲ್ ಇಲ್ಲ' ಎಂದು ಬರೆದು ಕಾಯುತ್ತಿರಬೇಕು. ಎರಡೂ ಒಟ್ಟಿಗೆ ಆರುತ್ತವೆ ಎಂದರೆ ಎರಡಕ್ಕೂ ಕರೆಂಟು ಕೊಡುವ ಜಾಗದಲ್ಲೇ ಏನೋ ಆಗುತ್ತಿದೆ. ಮೇಜಿನ ಕೆಳಗೆ ಬಗ್ಗಿ ನೋಡಿದೆವು. ಅಲ್ಲಿ ದೂಳು ಮೆತ್ತಿಕೊಂಡು ಕೂತಿತ್ತು, ಐದು ವರ್ಷದ ಹಳೆಯ ಯುಪಿಎಸ್. ಕಾರ್ಡು ಹೊಸದು, ಎಸ್‌ಎಂಪಿಎಸ್ ಹೊಸದು. ಯುಪಿಎಸ್ ನೆನಪು ಮಾತ್ರ ಯಾರಿಗೂ ಆಗಿರಲಿಲ್ಲ.

ಅದರ ಬೆನ್ನಿನ ಮೇಲೆ '600 ವಿಎ, 360 ವಾಟ್' ಎಂದಿತ್ತು. ಎರಡೇಕೆ ಎಂದು ಮೊಮ್ಮಗ ಕೇಳಿದ. ಸಂಬಳದಲ್ಲಿ ಒಟ್ಟು ಸಂಬಳ, ಕೈಗೆ ಬರುವ ಸಂಬಳ ಅಂತ ಎರಡಿರುತ್ತದಲ್ಲ, ಹಾಗೆಯೇ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು 600. ನಮ್ಮ ಸಾಮಾನಿಗೆ ನಿಜವಾಗಿ ಸಿಗುವುದು 360. ಖರ್ಚನ್ನು ಕೈಗೆ ಬರುವ ಸಂಬಳಕ್ಕೇ ಹೊಂದಿಸಬೇಕು.

ಈಗ ಖರ್ಚಿನ ಪಟ್ಟಿ. ಆಟ ಜೋರಾಗಿದ್ದಾಗ ನಮ್ಮ ಕಾರ್ಡಿಗೆ 220 ವಾಟ್, ಪ್ರೊಸೆಸರಿಗೆ ಸುಮಾರು 100, ಉಳಿದ ಬೋರ್ಡು, ಫ್ಯಾನುಗಳಿಗೆ 50. ಒಟ್ಟು 370. ಎಸ್‌ಎಂಪಿಎಸ್ ತಾನು ಎಳೆದುಕೊಂಡದ್ದನ್ನೆಲ್ಲ ಒಳಗೆ ಕೊಡುವುದಿಲ್ಲ, ನೂರರಲ್ಲಿ ಹದಿನೈದು ಪಾಲು ಬಿಸಿಯಾಗಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಆಗ ಒಳಗೆ 370 ಸಿಗಲು ಹೊರಗಿನಿಂದ 435 ಎಳೆಯಬೇಕು. ಮಾನಿಟರಿಗೆ 30. ಕೂಡಿದರೆ 465. ಬರುವ ಸಂಬಳ 360, ಆಗುವ ಖರ್ಚು 465! ಪ್ರಾಜೆಕ್ಟ್ ಬರೆಯುವಾಗಲೋ, ಇದೇ ಕಂಪ್ಯೂಟರಿಗೆ ನೂರು ವಾಟಿನ ಆಸುಪಾಸು ಸಾಕು. ಅದಕ್ಕೇ ಪಾಠಕ್ಕೆ ಆರದ್ದು ಆಟಕ್ಕೆ ಆರುತ್ತಿತ್ತು.

ಹಾಗಾದರೆ ಒಂದು ದಿನ ಹತ್ತು ನಿಮಿಷ, ಇನ್ನೊಂದು ದಿನ ನಲವತ್ತು ಏಕೆ? ಲೈನಿನ ಕರೆಂಟು ಸರಿಯಿರುವಷ್ಟು ಹೊತ್ತು ಇಂಥ ಚಿಕ್ಕ ಯುಪಿಎಸ್ ಅದನ್ನೇ ದಾಟಿಸುತ್ತಿರುತ್ತದೆ, ಸ್ವಲ್ಪ ಹೆಚ್ಚಿನ ಭಾರವನ್ನು ಹೇಗೋ ತಡೆದುಕೊಳ್ಳುತ್ತದೆ. ಬೇಸಿಗೆಯ ಸಂಜೆ ಮನೆಮನೆಯಲ್ಲೂ ಫ್ಯಾನು, ಏಸಿ ಓಡುವಾಗ ವೋಲ್ಟೇಜ್ ಒಂದು ಕ್ಷಣ ಕುಸಿದರೂ ಅದು ಬ್ಯಾಟರಿಗೆ ಬದಲಾಗುತ್ತದೆ. ಆ ಕ್ಷಣದಲ್ಲಿ 465ರ ಭಾರ ಹೊರಲಾರದೆ, ಕೀಂ ಎಂದು ಕೂಗಿ, ಕೈಬಿಡುತ್ತದೆ.

ಕಾಗದದ ಲೆಕ್ಕ ಸರಿಯಾದರೆ ಸಾಲದು, ಪರೀಕ್ಷಿಸಿ ನೋಡಬೇಕು. ಪರೀಕ್ಷಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡು ಬದಲಾಯಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಎಲ್ಲ ಆರಿಸಿ, ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿದೆವು. ಅದೇ ಆಟ, ಅದೇ ಸಂಜೆಯ ಹೊತ್ತು. ಒಂದೂವರೆ ಗಂಟೆ ನಡೆಯಿತು. ಮರುದಿನ ಯುಪಿಎಸ್‌ಗೆ ಮರಳಿಸಿದೆವು. ಹದಿನೆಂಟು ನಿಮಿಷಕ್ಕೆ ಕೀಂ, ಟಪ್. ಮೂರನೆಯ ದಿನ ಮತ್ತೆ ಗೋಡೆಗೆ. ಮತ್ತೆ ಆರಲಿಲ್ಲ. ತಾಳೆಯಾಯಿತು.

ಆ ಶನಿವಾರ ತಾತ, ಮೊಮ್ಮಗ ಹೆಬ್ಬಾಳದಲ್ಲಿ ಬಸ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಎಸ್.ಪಿ. ರೋಡಿಗೆ ಹೋದೆವು. 1100 ವಿಎ, 660 ವಾಟಿನ ಯುಪಿಎಸ್ ತಂದೆವು. ವಾಟ್ ಎಷ್ಟೆಂದು ಅಂಗಡಿಯಲ್ಲಿ ಅವನೇ ಕೇಳಿದ. ಹಳೆಯದನ್ನು ಎಸೆಯಲಿಲ್ಲ, ಈಗ ಅದು ಇಂಟರ್‌ನೆಟ್ಟಿನ ರೂಟರಿಗೆ ಆಸರೆ. ಮುಂದೆ ಅದರ ಬ್ಯಾಟರಿ ಸತ್ತರೆ ಕಸದ ಗಾಡಿಗೆ ಹಾಕಬಾರದು. ಅದರೊಳಗೆ ಸೀಸ, ಆಮ್ಲ ಇರುತ್ತವೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಡಬೇಕು.

ನಿಮ್ಮ ಮನೆಯಲ್ಲೂ ಕಂಪ್ಯೂಟರ್ ಹೀಗೆ ಆರುತ್ತಿದ್ದರೆ ಇದನ್ನು ಕತ್ತರಿಸಿ ಇಟ್ಟುಕೊಳ್ಳಿ:

ಮಾನಿಟರಿನ ದೀಪವೂ ಆರಿದರೆ ಮೊದಲು ಯುಪಿಎಸ್, ಸ್ಪೈಕ್ ಬಸ್ಟರ್, ಗೋಡೆಯ ಪ್ಲಗ್ಗು ನೋಡಿ.

ಕ್ಯಾಬಿನೆಟ್ ಮಾತ್ರ ಆರಿ ಮಾನಿಟರಿನಲ್ಲಿ ದೀಪ ಉಳಿದರೆ ಎಸ್‌ಎಂಪಿಎಸ್ ಅಥವಾ ಒಳಗಿನ ವೈರುಗಳ ಮೇಲೆ ಅನುಮಾನ ಪಡಿ.

ಆಟ ತಡವರಿಸಿ, ಫ್ಯಾನು ಜೋರಾಗಿ ಕೂಗಿ ಆಮೇಲೆ ಆರಿದರೆ ಬಿಸಿ ಮತ್ತು ದೂಳು ನೋಡಿ. ದೂಳು ತೆಗೆಯುವ ಮುಂಚೆ ಪ್ಲಗ್ ಕಿತ್ತಿರಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಿರಗಿರ ತಿರುಗಲು ಬಿಡಬೇಡಿ.

ನೀಲಿ ಪರದೆಯಲ್ಲಿ ಅಕ್ಷರ ಬಂದು ನಿಂತರೆ ಆ ಬರಹದ ಫೋಟೋ ತೆಗೆದಿಡಿ. ಕಾರಣ ಮೆಮೊರಿಯಲ್ಲೋ ತಂತ್ರಾಂಶದಲ್ಲೋ ಇರಬಹುದು.

ಎಸ್‌ಎಂಪಿಎಸ್ ಡಬ್ಬಿಯನ್ನೂ ಯುಪಿಎಸ್ಸನ್ನೂ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ. ಅದು ಮೆಕ್ಯಾನಿಕ್ಕಿನ ಕೆಲಸ. ಪ್ಲಗ್ಗು ಬದಲಾಯಿಸುವಾಗಲೂ ದೊಡ್ಡವರು ಪಕ್ಕದಲ್ಲಿರಲಿ.

ಇನ್ನು ನನ್ನ ತಪ್ಪಿನ ಲೆಕ್ಕ. ಬಸ್ಸಿನಲ್ಲಿ ಬರುವಾಗ ಹೊಸ ಯುಪಿಎಸ್ ಅವನ ತೊಡೆಯ ಮೇಲಿತ್ತು. "ಅವತ್ತು ನೀನೇ ಕೆಡಿಸಿದೆ ಅಂದೆನಲ್ಲ ಮರಿ, ಅದು ನನ್ನ ತಪ್ಪು. ನೋಡದೆ ಅಂದೆ" ಎಂದೆ. ಅವನು ಕಿಟಕಿಯಾಚೆ ನೋಡುತ್ತಾ, "ಪರವಾಗಿಲ್ಲ ತಾತ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪನೂ ಹೇಳಿದರೆ ಚೆನ್ನಾಗಿತ್ತು" ಎಂದ. ಮನೆಗೆ ಬಂದು ಮಗನಿಗೆ ಆ ನೋಟ್‌ಬುಕ್ ಕೊಟ್ಟೆ. ಓದಿದ. ಎದ್ದು ಹೋಗಿ ಮೇಜಿನ ಮೇಲಿದ್ದ ಖಾಲಿ ಡಬ್ಬಿಯನ್ನು ಮತ್ತೆ ಮಂಚದ ಕೆಳಗೆ ತಳ್ಳಿ, ಹುಡುಗನ ಪಕ್ಕ ಕೂತು, "ಸಾರಿ ಕಣೋ. ಎಲ್ಲಿ, ಆ ಆಟ ನನಗೂ ತೋರಿಸು" ಎಂದ.

ಅಪ್ಪ ಅಮ್ಮಂದಿರೇ, ತಾತ ಅಜ್ಜಿಯರೇ, ಮಕ್ಕಳು ಎಷ್ಟು ಹೊತ್ತು ಆಡಬೇಕು ಎನ್ನುವುದು ಬೇರೆ ಲೆಕ್ಕ. ಅದನ್ನು ಬೇರೆಯಾಗಿಯೇ ಮಾಡೋಣ. ಆಟ ನಮಗೆ ಇಷ್ಟವಿಲ್ಲ ಅಂತ ಕೆಟ್ಟ ಯಂತ್ರದ ಹೊಣೆಯನ್ನು ಮಗುವಿನ ತಲೆಗೆ ಕಟ್ಟುವುದು ಬೇಡ.

ಮಕ್ಕಳೇ, ಈ ವಾರದ ಲೆಕ್ಕ: ಎರಡು ಅಂಕಿಯ ಯಾವುದಾದರೂ ಸಂಖ್ಯೆ ಬರೆಯಿರಿ, ಅಂಕಿಗಳನ್ನು ಅದಲುಬದಲು ಮಾಡಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. 81ರಿಂದ 18 ಕಳೆದರೆ 63 ಬಂದಂತೆ, ಉತ್ತರ ಯಾವಾಗಲೂ 9ರಿಂದ ಭಾಗವಾಗುತ್ತದೆ. ಯಾಕೆ? ಯೋಚಿಸಿ ಇಡಿ, ಮುಂದಿನ ವಾರ ಹೇಳುತ್ತೇನೆ.