ಶಾಲೆ ಮುಗಿಸಿದವರ ಮನೆಗೆ ಒಂದು ಭಾನುವಾರ

ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾವು ಬರೆಯುವ ದಾಖಲೆಗಳು ಕಡಿಮೆಯೇನಲ್ಲ. ಪಾಠಯೋಜನೆ, ವೀಕ್ಷಣಾ ಪುಸ್ತಕ, ಘಟಕ ಪರೀಕ್ಷೆಯ ನೀಲನಕ್ಷೆ, ಕ್ರಿಯಾ ಸಂಶೋಧನೆ, ವ್ಯಕ್ತಿ ಅಧ್ಯಯನ ಎಲ್ಲವೂ ಇವೆ. ಇವೆಲ್ಲ ತರಗತಿಯಲ್ಲಿ ನಮ್ಮ ಎದುರು ಕುಳಿತ ಮಗುವನ್ನು ಕುರಿತವು. ಹತ್ತನೇ ತರಗತಿ ಮುಗಿಸಿ ಹೋದ ಮಗುವಿನ ಬಗ್ಗೆ ಒಂದು ಪುಟವೂ ಇಲ್ಲ. ನಮ್ಮ ಬೋಧನೆ ಫಲ ಕೊಟ್ಟಿತೋ ಇಲ್ಲವೋ ಎಂಬುದು ತಿಳಿಯುವುದು ಮಾತ್ರ ಆ ಮಗುವಿನಿಂದಲೇ. ಆದ್ದರಿಂದ ವ್ಯಕ್ತಿ ಅಧ್ಯಯನಕ್ಕೆ ಶಾಲೆ ಮುಗಿಸಿ ಹೋದ ಒಬ್ಬ ವಿದ್ಯಾರ್ಥಿಯನ್ನು ಆರಿಸಿಕೊಳ್ಳಬೇಕು, ಅವರ ಮನೆಗೆ ಹೋಗಿ ಬಂದೇ ಅದನ್ನು ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯ ಬಂದದ್ದು ಪುಸ್ತಕದಿಂದಲ್ಲ, ಒಂದು ಭಾನುವಾರದ ಓಡಾಟದಿಂದ.

ನನ್ನ ಇಂಟರ್ನ್‌ಶಿಪ್ ನಡೆದದ್ದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಸುತ್ತಿನ ಒಂದು ಪ್ರೌಢಶಾಲೆಯಲ್ಲಿ. ನವೆಂಬರ್ ತಿಂಗಳ ಒಂದು ದಿನ ನನ್ನ ಮಾರ್ಗದರ್ಶಿ ಶಿಕ್ಷಕಿ ಬೀರು ತೆಗೆದು, ಯಾರೂ ಬಂದು ಒಯ್ಯದೆ ಉಳಿದಿದ್ದ ಟಿ.ಸಿ.ಗಳ ಕಟ್ಟನ್ನು ನೋಡುತ್ತಿದ್ದರು. "ಈ ಮಕ್ಕಳು ಎಲ್ಲೂ ಸೇರಿಲ್ಲ ಅಂತಲೇ ಅರ್ಥ ಅಲ್ಲವಾ?" ಎಂದರು. ಆ ಭಾನುವಾರ ಅವರ ಸ್ಕೂಟರಿನಲ್ಲಿ ಹಿಂದೆ ಕುಳಿತು ನಾನೂ ಹೊರಟೆ.

ಮೊದಲು ಹೋದದ್ದು ಒಬ್ಬ ಹುಡುಗಿಯ ಮನೆಗೆ. "ಅಯ್ಯೋ, ಮೇಡಂ ಬಂದವ್ರೆ, ಚಾಪೆ ಹಾಕು" ಎಂದು ತಾಯಿ ಗಡಿಬಿಡಿ ಮಾಡಿದರು. ಹುಡುಗಿ ಹುಳುಮನೆಯಿಂದ ಬಂದವಳು ಬಾಗಿಲಲ್ಲೇ ನಿಂತಳು. ಗಣಿತ ಒಂದರಲ್ಲೇ ನಪಾಸಾಗಿದ್ದಳು. ಎರಡನೇ, ಮೂರನೇ ಪರೀಕ್ಷೆಗಳಿಗೆ ಯಾಕೆ ಕೂರಲಿಲ್ಲ ಎಂದು ಮೇಡಂ ಕೇಳಿದರು. "ಇನ್ನೂ ಎರಡು ಸಲ ಬರೀಬೋದು ಅಂತ ನಂಗೆ ಯಾರೂ ಹೇಳಲಿಲ್ಲ ಮೇಡಂ" ಎಂದಳು. ಶಾಲೆಯಿಂದ ಫೋನ್ ಹೋಗಿತ್ತು. ದಾಖಲೆಯಲ್ಲಿದ್ದ ನಂಬರು ಅವಳ ಅಣ್ಣನದು. ಮಾತು ಅವನ ಹತ್ತಿರವೇ ನಿಂತಿತ್ತು. ಅಷ್ಟರಲ್ಲಿ ತಾಯಿ, "ಹೆಂಗೂ ಮನೇಲವ್ಳೆ ಮೇಡಂ, ಒಳ್ಳೆ ಕಡೆಯಿಂದ ಕೇಳ್ತಾವ್ರೆ" ಎಂದರು. ಹುಡುಗಿಗೆ ಇನ್ನೂ ಹದಿನಾರು.

ಇಲ್ಲಿ ದಿನಾಂಕಗಳನ್ನು ಗಮನಿಸಬೇಕು. ನಮ್ಮ ರಾಜ್ಯದಲ್ಲಿ 2023-24ರಲ್ಲಿ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆಗಳು ಜಾರಿಗೆ ಬಂದವು. ಪೂರಕ ಪರೀಕ್ಷೆ ಎಂಬ ಹಣೆಪಟ್ಟಿ ಇಲ್ಲದೆ ಅದೇ ವರ್ಷ ಪಾಸಾಗಲು ಇನ್ನೆರಡು ಅವಕಾಶ ಕೊಟ್ಟ ಒಳ್ಳೆಯ ವ್ಯವಸ್ಥೆ ಅದು. 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಬಂದದ್ದು ಮೇ 2ರಂದು. ಆ ವರ್ಷ ಶಾಲೆಯಿಂದ ಹೊಸದಾಗಿ ಬರೆದವರಲ್ಲಿ ಶೇ. 66.14ರಷ್ಟು ಮಕ್ಕಳು ಪಾಸಾದರು. ಅಂದರೆ ಮೂವರಲ್ಲಿ ಒಬ್ಬರು ಉಳಿದರು. ಎರಡನೇ ಪರೀಕ್ಷೆ ಶುರುವಾದದ್ದು ಮೇ 26ಕ್ಕೆ. ಶಾಲೆ ಬಾಗಿಲು ತೆರೆದದ್ದು ಮೇ 29ಕ್ಕೆ. ನಪಾಸಾದ ಮಗುವಿಗೆ ಶಿಕ್ಷಕರು ತೀರಾ ಬೇಕಾದ ಆ ಮೂರು ವಾರ ಪೂರ್ತಿ ಬೇಸಿಗೆ ರಜೆಯೊಳಗೇ ಹೋಯಿತು. ವಿಶೇಷ ತರಗತಿ ಇಟ್ಟರೂ ಬರುವುದು ಬರುವ ಧೈರ್ಯವಿದ್ದವರು. ನಾಚಿಕೆಯಿಂದ ಮನೆಯೊಳಗೆ ಉಳಿದ ಮಗುವಿಗೆ ಸುತ್ತೋಲೆಯಾಗಲಿ ವಾಟ್ಸಾಪ್ ಸಂದೇಶವಾಗಲಿ ಮುಟ್ಟುವುದಿಲ್ಲ. ನಾವು ಅವಳ ಮನೆಗೆ ಹೋದದ್ದು ಒಳ್ಳೆಯದೇ ಆಯಿತು, ಆದರೆ ಆರು ತಿಂಗಳು ತಡವಾಗಿ.

ಅವಳ ಮನೆಯಲ್ಲಿ ನಾನು ತಿಳಿದ ಇನ್ನೊಂದು ಸಂಗತಿಯಿದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯ ಸ್ವಾಧೀನವನ್ನು ವಿರೋಧಿಸಿ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಸರ್ಕಾರ ಅದನ್ನು ಕೈಬಿಟ್ಟದ್ದು 2025ರ ಜುಲೈ 15ರಂದು. ಈ ಹುಡುಗಿಯ ಎಂಟು, ಒಂಬತ್ತು, ಹತ್ತನೇ ತರಗತಿಗಳು ಪೂರ್ತಿ ಆ ಅವಧಿಯೊಳಗೇ ಬರುತ್ತವೆ. ಅಪ್ಪ ಧರಣಿಗೆ ಹೋದ ದಿನ ಹುಳುವಿಗೆ ಸೊಪ್ಪು ಕೊಯ್ಯಲು ಇವಳು ಮನೆಯಲ್ಲಿ ನಿಲ್ಲುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರು. ಗಣಿತದಲ್ಲಿ ಹಿಂದುಳಿದವಳು ಎಂದು ಅವಳ ಬಗ್ಗೆ ಯಾರು ಬರೆದರೂ ಅದು ಅರ್ಧ ಸತ್ಯವಷ್ಟೇ ಆಗುತ್ತಿತ್ತು.

ಎರಡನೇ ಮನೆಯ ಹುಡುಗ ಟಿ.ಸಿ. ಒಯ್ದವನೇ. ದಾರಿಯಲ್ಲಿತ್ತೆಂದು ಹೋದೆವು. ಒಳ್ಳೆಯ ಅಂಕ ತೆಗೆದು ವಿಜಯಪುರದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದ. ಆದರೆ ಬಿಟ್ಟುಬಿಡುವ ಯೋಚನೆಯಲ್ಲಿದ್ದ. "ವಕ್ರೀಭವನ ನಂಗೆ ಚೆನ್ನಾಗಿ ಬರ್ತಿತ್ತು ಮೇಡಂ. ಅಲ್ಲಿ ರಿಫ್ರಾಕ್ಷನ್ ಅಂತಾರೆ. ಎರಡೂ ಒಂದೇ ಅಂತ ಗೊತ್ತಾಗೋದ್ರೊಳಗೆ ಪಾಠ ಮುಗಿದಿತ್ತು" ಎಂದ. ಅದೇ ವಾರ ನಾನು ಹತ್ತನೇ ತರಗತಿಗೆ ಬೆಳಕಿನ ಪಾಠ ಮಾಡಿದ್ದೆ. ಮಸೂರಗಳನ್ನು ತೋರಿಸಿದ್ದೆ, ಕಿರಣಚಿತ್ರ ಬಿಡಿಸಿದ್ದೆ, ವೀಕ್ಷಕರಿಂದ ಒಳ್ಳೆಯ ಮಾತೂ ಬಂದಿತ್ತು. ಆದರೆ ಮಕ್ಕಳು ಮುಂದೆ ಇದೇ ಪಾಠವನ್ನು ಇನ್ನೊಂದು ಭಾಷೆಯಲ್ಲಿ ಎದುರಿಸುತ್ತಾರೆ ಎಂಬುದು ನನ್ನ ಪಾಠಯೋಜನೆಯ ಯಾವ ಅಂಕಣದಲ್ಲೂ ಇರಲಿಲ್ಲ. ಸೋಮವಾರದಿಂದ ಕಪ್ಪುಹಲಗೆಯ ಬಲಬದಿಯಲ್ಲಿ ಪ್ರತಿ ಪಾರಿಭಾಷಿಕ ಪದದ ಇಂಗ್ಲಿಷ್ ರೂಪವನ್ನೂ ಬರೆಯತೊಡಗಿದೆ. ಇಷ್ಟು ಸರಳ ತಿದ್ದುಪಡಿ ನನಗೆ ಹೊಳೆದದ್ದು ಆ ಮನೆಯ ಜಗಲಿಯ ಮೇಲೆ.

ಹಳೆಯ ವಿದ್ಯಾರ್ಥಿಗಳು ಗುರುಗಳನ್ನು ಕರೆದು ಶಾಲು ಹೊದಿಸುವ ಗುರುವಂದನೆ ಈಗ ಊರೂರಲ್ಲಿ ನಡೆಯುತ್ತದೆ. ಅದು ಒಳ್ಳೆಯದು. ಆದರೆ ಆ ಪೆಂಡಾಲಿಗೆ ಹೆಚ್ಚಾಗಿ ಬರುವವರು ಒಂದು ನೆಲೆ ಕಂಡವರು. ಮಧ್ಯದಲ್ಲಿ ನಿಂತವರು ಬರುವುದಿಲ್ಲ. ಅವರ ಬಳಿಗೆ ಶಿಕ್ಷಕರೇ ಹೋಗಬೇಕು. ಎಚ್. ನರಸಿಂಹಯ್ಯನವರು 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ್ದನ್ನು ನಾವೆಲ್ಲ ಹೇಳುತ್ತೇವೆ. ಹುಡುಗನ ಛಲವನ್ನಷ್ಟೇ ಹೊಗಳುತ್ತೇವೆ. ಊರಿನ ಶಾಲೆಯಲ್ಲಿ ಪಾಠ ಹೇಳಿದ್ದ ಮೇಷ್ಟ್ರ ಒತ್ತಾಸೆಯೂ ಆ ನಡಿಗೆಯ ಹಿಂದೆ ಇತ್ತು. ಊರಿನಲ್ಲಿ ಮುಂದಿನ ತರಗತಿ ಇಲ್ಲದಾಗ ಎಲ್ಲಿಗೆ ಹೋಗಬೇಕೆಂದು ಹೇಳುವವರು ಒಬ್ಬರಿದ್ದರು. ಆ ಹುಡುಗ ಮುಂದೆ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು.

ಇದಕ್ಕೆ ಆಕ್ಷೇಪಗಳಿವೆ, ಅವು ನ್ಯಾಯವೂ ಹೌದು. ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣೆ ಕೆಲಸಗಳ ನಡುವೆ ಶಿಕ್ಷಕರಿಗೆ ಉಳಿಯುವುದೇ ಭಾನುವಾರ. ಅದನ್ನೂ ಕೇಳುವುದು ಸರಿಯೇ? ಆದೇಶವಾಗಿ ಕೇಳುವುದು ಸರಿಯಲ್ಲ ಎಂದೇ ನಾನೂ ಹೇಳುತ್ತೇನೆ. ಆದೇಶವಾದ ದಿನವೇ ಅದು ಫೋಟೊ ತೆಗೆದು ಗ್ರೂಪಿಗೆ ಹಾಕುವ ಕೆಲಸವಾಗಿಬಿಡುತ್ತದೆ. ಪ್ರಶಿಕ್ಷಣಾರ್ಥಿಗಳಾದ ನಮಗಾದರೆ ಇದು ಹೆಚ್ಚಿನ ಹೊರೆಯಲ್ಲ. ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಎರಡನೇ ವರ್ಷದಲ್ಲಿ 16 ವಾರ ನಾವು ಶಾಲೆಯಲ್ಲೇ ಇರುತ್ತೇವೆ. ವ್ಯಕ್ತಿ ಅಧ್ಯಯನ ಹೇಗೂ ಬರೆಯುತ್ತೇವೆ. ಬದಲಾಗಬೇಕಾದದ್ದು ಅದರ ವ್ಯಕ್ತಿ ಮಾತ್ರ.

ಕೆಲವು ಎಚ್ಚರಿಕೆಗಳು ಬೇಕು. ಮಾರ್ಗದರ್ಶಿ ಶಿಕ್ಷಕರ ಜೊತೆಯಲ್ಲೇ ಹೋಗಬೇಕು. ಮೊದಲೇ ತಿಳಿಸಿ, ಮನೆಯವರು ಒಪ್ಪಿದರೆ ಮಾತ್ರ ಹೋಗಬೇಕು. ಫೋಟೊ ಬೇಡ, ದಾಖಲೆಯಲ್ಲಿ ಹೆಸರೂ ಬೇಡ. ಅಂಕದ ಮಾತಿನಿಂದ ಶುರುಮಾಡಬಾರದು, ಉಪದೇಶ ಮಾಡಬಾರದು. ಬಂದು ಬರೆಯಬೇಕಾದದ್ದು ಎರಡೇ ಪ್ರಶ್ನೆಗೆ ಉತ್ತರ: ಈ ಮಗುವಿಗೆ ಈಗ ಏನು ತಿಳಿಸಬೇಕಿದೆ? ನನ್ನ ಪಾಠದಲ್ಲಿ ಏನು ತಿದ್ದಬೇಕಿದೆ? ಶಾಲೆಗಳು ತಾವಾಗಿಯೇ ಮನಸ್ಸು ಮಾಡುವುದಾದರೆ, ಫಲಿತಾಂಶ ಬಂದ ಮೊದಲ ಭಾನುವಾರವೇ ಇದಕ್ಕೆ ಸರಿಯಾದ ದಿನ.

ಆ ಹುಡುಗಿಯ ಮನೆಯಲ್ಲಿ ಮೇಡಂ, ಹದಿನೆಂಟು ತುಂಬುವವರೆಗೆ ಮದುವೆ ಮಾತು ಕಾನೂನಿಗೆ ವಿರುದ್ಧ ಎಂದು ನಯವಾಗಿಯೇ, ಆದರೆ ಸ್ಪಷ್ಟವಾಗಿ ಹೇಳಿದರು. ಮುಂದಿನ ಪರೀಕ್ಷೆಗೆ ಅರ್ಜಿ ತುಂಬಲು ಅಪ್ಪನನ್ನು ಶಾಲೆಗೆ ಬರಹೇಳಿದರು. ಅವರು ಮಂಗಳವಾರ ಬಂದರು. ಅರ್ಜಿ ಹೋಗಿದೆ, ಟಿ.ಸಿ. ಇನ್ನೂ ಬೀರುವಿನಲ್ಲೇ ಇದೆ. ಅವಳು ಪರೀಕ್ಷೆಗೆ ಕೂರುವ ಹೊತ್ತಿಗೆ ನಾನು ಆ ಶಾಲೆಯಲ್ಲಿ ಇರುವುದಿಲ್ಲ. ಆದರೂ ಒಂದು ಭಾನುವಾರ ಹೋಗಿ ಕೇಳಿಕೊಂಡು ಬರಬೇಕೆಂದಿದ್ದೇನೆ.